ಒಂಬತ್ತನೆಯ ಪುಟದ ಬಿಳಿ ಬಳೆಗಳು

ಕನ್ನಡಿ ಚೂರನ್ನು ಅವರೇ ಕುಪ್ಪಸದಿಂದ ಕಿತ್ತು ಮಗುವಿಗೆ ಕೊಟ್ಟರು ಎಂದು ಪುಸ್ತಕದಲ್ಲಿ ಬರೆದವಳು ನಾನೇ, ಆದರೆ ಅವರು ನನಗೆ ಹಾಗೆ ಹೇಳಿದ್ದರೇ ಎಂಬುದು ಈಗ ಖಚಿತವಿಲ್ಲ. ಕನ್ನಡಿ ತಾನೇ ಉದುರಿತ್ತು, ಅಂಗಡಿಯ ಮಗು ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಕೊಡಲೊಲ್ಲೆ ಎಂದಿತು, ಇವರು ಕೈ ಬಿಡಿಸಲು ಹೋದರು, ಅಂಗಡಿಯವನು ಇವರನ್ನು ಬೈದು ಕಳಿಸಿದ. ಹೀಗೂ ಕೇಳಿದಂತೆ ನೆನಪು. ಎರಡರಲ್ಲಿ ಒಂದು ನಡೆದಿರಬೇಕು, ಅಥವಾ ಎರಡೂ ಬೇರೆ ಬೇರೆ ದಿನ ನಡೆದಿರಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮೂರು ರೆಕಾರ್ಡಿಂಗುಗಳಲ್ಲಿ ಎರಡು ಮಾತ್ರ ತೆರೆಯುತ್ತವೆ. ಒಂದರಲ್ಲಿ ಹಿಟ್ಟಿನ ಗಿರಣಿಯ ಸದ್ದು ಮಾತನ್ನೆಲ್ಲ ನುಂಗಿದೆ. ಇನ್ನೊಂದರಲ್ಲಿ ಹೆಚ್ಚಾಗಿ ನಾನೇ ಮಾತಾಡುತ್ತಿದ್ದೇನೆ.

ಅವರು ಎಂದರೆ ನ್ಯಾಮತಿ ತಾಲ್ಲೂಕಿನಲ್ಲಿ, ಸೂರಗೊಂಡನಕೊಪ್ಪಕ್ಕೆ ಹತ್ತಿರದ ಒಂದು ಲಂಬಾಣಿ ತಾಂಡಾದ ಹಿರಿಯ ಹೆಂಗಸು. ತಾಂಡಾದವರು ಅವರನ್ನು ಯಾಡಿ ಎಂದು ಕರೆಯುತ್ತಿದ್ದರು. ಅವರ ಮಾತಿನಲ್ಲಿ ಯಾಡಿ ಎಂದರೆ ತಾಯಿ. ನಾನೂ ಹಾಗೇ ಕರೆದೆ, ಯಾರನ್ನೂ ಕೇಳದೆ.

ನಾನು ಅಲ್ಲಿಗೆ ಹೋದದ್ದು ಮಕ್ಕಳ ಪುಸ್ತಕಕ್ಕಾಗಿ. ಬೆಂಗಳೂರಿನ ಒಂದು ಸಂಸ್ಥೆ ನಮ್ಮ ಕಡೆಯ ಬೇರೆ ಬೇರೆ ಜನರ ಬದುಕು, ಹಬ್ಬ, ಉಡುಗೆ, ಕಥೆ ಇವನ್ನೆಲ್ಲ ಚಿತ್ರಪುಸ್ತಕಗಳಾಗಿ ಮಾಡಿ ಸರ್ಕಾರಿ ಶಾಲೆಗಳಿಗೆ ಕೊಡಲು ಹೊರಟಿತ್ತು. ಒಟ್ಟು ನಾಲ್ಕು ಪುಸ್ತಕ: ಚನ್ನಗಿರಿಗೆ ಒಂದು, ಹೊನ್ನಾಳಿಗೆ ಒಂದು, ನ್ಯಾಮತಿಗೆ ಒಂದು, ಜಗಳೂರಿಗೆ ಒಂದು. ನಾಲ್ಕೂ ಪುಸ್ತಕ ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ ಹೋಗಬೇಕಿತ್ತು. ನಾಲ್ಕನ್ನೂ ಬರೆಯಲು ನನ್ನನ್ನೇ ಕೇಳಿದರು. ನಾನು ಚನ್ನಗಿರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿಡುವಿನಲ್ಲಿ ಬರೆಯುವ ಕಥೆಗಳಿಗೆ ತಲೆ ಬಾಲ ಇರುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳೇ ಹೇಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹೀಗಿರುವ ನನ್ನನ್ನು ಯಾಕೆ ಆರಿಸಿದರೋ. ಈ ಭಾಗದಲ್ಲಿ ಇದ್ದೇನೆ ಎನ್ನುವುದೊಂದೇ ಅರ್ಹತೆ ಇರಬೇಕು. ನಾನು ಚಿಕ್ಕವಳಿದ್ದಾಗ ಓದಿದ ಪುಸ್ತಕಗಳಲ್ಲಿ ನಮ್ಮ ಸುತ್ತಲಿನವರು ಯಾರೂ ಇರಲಿಲ್ಲ, ಅದಕ್ಕೇ ಒಪ್ಪಿದೆ ಎಂದು ಆಮೇಲೆ ಎರಡು ಕಾರ್ಯಕ್ರಮಗಳಲ್ಲಿ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಚಿಕ್ಕವಳಿದ್ದಾಗ ಏನು ಓದಿದೆ ಎನ್ನುವುದೇ ನನಗೆ ನೆನಪಿಲ್ಲ.

ಯಾಡಿಯ ಮನೆಗೆ ನಾಲ್ಕು ಸಲ ಹೋದೆ. ಐದು ಸಲವೂ ಇರಬಹುದು. ಚನ್ನಗಿರಿಯಿಂದ ಹೊನ್ನಾಳಿ, ಅಲ್ಲಿ ಬಸ್ಸು ಬದಲಿಸಿ ನ್ಯಾಮತಿ, ಅಲ್ಲಿಂದ ಆಟೋ. ಅವರು ಮನೆ ಮುಂದಿನ ಕಟ್ಟೆಯಲ್ಲಿ ಕೂತು ಮೊಮ್ಮಗಳಿಗಾಗಿ ಒಂದು ಚೀಲಕ್ಕೆ ಕಸೂತಿ ಹಾಕುತ್ತಿರುತ್ತಿದ್ದರು. ಹೊಲಿಯುತ್ತಲೇ ಮಾತು. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಬಾಯಿ ನಿಲ್ಲುತ್ತಿತ್ತು. ಪಕ್ಕದಲ್ಲಿ ಸೊಸೆ. ಆಕೆ ಅಂಗನವಾಡಿ ಸಹಾಯಕಿ, ಅತ್ತೆಯ ಮಾತಿನಲ್ಲಿ ನನಗೆ ತಿಳಿಯದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಯಾಡಿ ಉಟ್ಟಿದ್ದು ನಮ್ಮವ್ವ ಉಡುವಂಥದ್ದೇ ಸಾದಾ ಸೀರೆ. ತೋಳು ಬರಿದಾಗಿತ್ತು. ಬರಿದಾಗಿತ್ತು ಎನ್ನುವುದನ್ನು ಆಗಲೇ ಗಮನಿಸಿದ್ದೆನೋ, ಮುಂದೆ ಆದದ್ದೆಲ್ಲ ಆದಮೇಲೆ ಈ ಚಿತ್ರಕ್ಕೆ ಸೇರಿಸಿಕೊಂಡೆನೋ, ಹೇಳಲಾರೆ. ಗಮನಿಸಿದ್ದರೆ ನನ್ನ ತಪ್ಪು ದೊಡ್ಡದು. ಗಮನಿಸದಿದ್ದರೆ ಇನ್ನೂ ದೊಡ್ಡದು.

ಅವರು ಹೇಳಿದ ಕನ್ನಡಿಯ ಕಥೆ ಅವರ ಹರೆಯದ್ದು. ಮದುವೆಯಾದ ಹೊಸತು, ತಲೆ ಮೇಲೆ ಸೌದೆ ಹೊರೆ ಹೊತ್ತು ಪೇಟೆಗೆ ಹೋದಾಗಿನದ್ದು. ನಾನು ಹಾಗೆಯೇ ಬರೆದು ಕಳಿಸಿದೆ. ಸಂಪಾದಕಿ ಫೋನ್ ಮಾಡಿದರು.

"ಮೇಡಂ, ಸೌದೆ ಬೇಡ. ಮಕ್ಕಳಿಗೆ ಬಡತನ ಅಂತ ಅನಿಸಿಬಿಡುತ್ತೆ. ಅಜ್ಜಿ ಮೊಮ್ಮಗಳಿಗೆ ಕಥೆ ಹೇಳ್ತಿರೋ ಹಾಗೆ ಮಾಡೋಣ. ಅಜ್ಜಿ ಇದ್ರೆ ಒಂದು ಬೆಚ್ಚನೆಯ ಫೀಲ್ ಇರುತ್ತೆ."

"ಆಮೇಲೆ ಆ ಅಂಗಡಿಯವನು ಬೈದದ್ದು?"

"ಅದು ನೆಗೆಟಿವ್ ಆಯ್ತಲ್ವಾ. ಅವರೇ ಕನ್ನಡಿ ಕೊಡಲಿ, ಮಗು ನಗಲಿ. ಮತ್ತೆ ಕಲ್ಚರ್ ಚೆನ್ನಾಗಿ ಕಾಣ್ಬೇಕು ಮೇಡಂ. ಪುಟ ತೆರೆದ ತಕ್ಷಣ ಲಂಬಾಣಿ ಅಂತ ಗೊತ್ತಾಗ್ಬೇಕು."

ಹಾಗಾದರೆ ಬೈದದ್ದನ್ನೂ ನಾನು ಕೇಳಿದ್ದೆ, ಬರೆದೂ ಇದ್ದೆ. ಇದನ್ನು ಬರೆಯುತ್ತಿರುವಾಗ ತಿಳಿಯುತ್ತಿದೆ. ಅಥವಾ ಸಂಪಾದಕಿಯ ಮಾತನ್ನು ನಾನು ಈಗ ನನಗೆ ಅನುಕೂಲವಾಗುವಂತೆ ಜೋಡಿಸುತ್ತಿದ್ದೇನೆ.

ನಾಲ್ಕೂ ಪುಸ್ತಕಗಳ ಕೊನೆಯ ಪುಟದಲ್ಲಿ ಎಲ್ಲ ಮಕ್ಕಳು ತಮ್ಮ ತಮ್ಮ ಉಡುಗೆಯಲ್ಲಿ ಕೈ ಕೈ ಹಿಡಿದು ನಿಲ್ಲಬೇಕಿತ್ತು. ಈ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿದಿದ್ದಾರಾ ಎಂದು ಕೇಳಿದೆ. ಸಂಪಾದಕಿ ನಕ್ಕು, ನೀವು ಬಹಳ ಗಂಭೀರ ಮೇಡಂ ಎಂದರು. ನಾನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಒಂದು ವಾರ ಸಿಟ್ಟು ಮಾಡಿಕೊಂಡಿದ್ದು, ಅವರು ಹೇಳಿದಂತೆಯೇ ತಿದ್ದಿ ಕಳಿಸಿದೆ.

ಚಿತ್ರ ಬರೆದವರು ದೂರದ ಊರಿನವರು, ತಾಂಡಾ ನೋಡಿದವರಲ್ಲ. ಕರಡು ನನ್ನ ಫೋನಿಗೆ ಬಂತು. ಪರದೆಯಷ್ಟಗಲದ ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರ. ನಾನು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಕಾಗುಣಿತ ತಿದ್ದಿದೆ, ಎರಡು ಕಡೆ ಅಲ್ಪವಿರಾಮ ತೆಗೆಸಿದೆ. ಒಂಬತ್ತನೆಯ ಪುಟದ ತುಂಬ ಅಜ್ಜಿ ಕೂತಿದ್ದಳು, ಅವಳ ಕೆಳಗೆ ಮೂರೇ ಸಾಲು. ಮೂರೂ ಸರಿಯಾಗಿದ್ದವು.

ಪುಸ್ತಕ ಅಚ್ಚಾಗಿ ಬಂದಾಗ ಐದು ಪ್ರತಿ ಹಿಡಿದು ತಾಂಡಾಕ್ಕೆ ಹೋದೆ. ಖುಷಿಯಲ್ಲೇ ಹೋದೆ. ಯಾಡಿ ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಅವರಿಗೆ ಓದು ಬಾರದು. ಚಿತ್ರಗಳ ಮೇಲೆ ಬೆರಳಾಡಿಸುತ್ತ ಒಂದೊಂದೇ ಪುಟ ತಿರುವಿದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಹೆಗಲ ಮೇಲಿಂದ ಇಣುಕುತ್ತಿದ್ದರು. ಒಂಬತ್ತನೆಯ ಪುಟಕ್ಕೆ ಬಂದಾಗ ಬೆರಳು ನಿಂತಿತು.

ಹಿಂದಿದ್ದವರಲ್ಲಿ ಒಬ್ಬಾಕೆ ಹೇಳಿದಳು, "ಏ ಯಾಡಿ, ಮುದುಕ ಯಾವಾಗ ವಾಪಸ್ ಬಂದ? ನಮಗೆ ಒಂದ್ ಮಾತು ಹೇಳ್ಲಿಲ್ಲ."

ಇನ್ನೊಬ್ಬಾಕೆ, "ಬಂದಿದ್ರೆ ಬೀಡಿ ವಾಸ್ನಿ ಬರ್ತಿತ್ತಲ್ಲೇ," ಎಂದಳು.

ಇಬ್ಬರೂ ನಕ್ಕರು. ನಾನೂ ನಕ್ಕೆ. ಯಾಕೆ ನಗುತ್ತಿದ್ದೇನೆ ಎಂದು ತಿಳಿಯದೆ, ಜೊತೆಗೆ ನಕ್ಕರೆ ಒಳ್ಳೆಯದು ಎಂದುಕೊಂಡು ನಕ್ಕೆ. ಇದೊಂದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಇದನ್ನೇ ಮರೆತಿದ್ದರೆ ಆಗುತ್ತಿತ್ತು.

ಯಾಡಿ ನಗಲಿಲ್ಲ. ಸೊಸೆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿ, ಮೆಲ್ಲಗೆ ಹೇಳಿದರು: "ಅತ್ತೆಗೆ ಘುಗ್ರಿ ಹಾಕೀರಲ್ಲ ಮೇಡಂ. ತೋಳಿಗೆ ಬಳೆನೂ ಹಾಕೀರಿ. ನಮ್ಮ ಮಾವ ಹೋಗಿ ಹನ್ನೊಂದು ವರ್ಷ ಆತು."

ಘುಗ್ರಿ ಎಂದರೆ ಕೆನ್ನೆಯ ಎರಡೂ ಬದಿಗೆ ಕೂದಲಿಗೆ ಕಟ್ಟಿ ಇಳಿಬಿಡುವ ಬೆಳ್ಳಿಯ ಆಭರಣ. ಮೊಳಕೈ ಮೇಲೆ ಸಾಲಾಗಿ ತೊಡುವ ಬಿಳಿ ಬಳೆಗಳ ಹಾಗೆ ಅದೂ ಗಂಡ ಇರುವ ಹೆಂಗಸಿನ ಗುರುತು. ಗಂಡ ಸತ್ತ ದಿನ ಎರಡನ್ನೂ ತೆಗೆಯುತ್ತಾರೆ. ಇಷ್ಟನ್ನು ನನಗೆ ಸೊಸೆ ಅಲ್ಲಿ, ಆ ಕಟ್ಟೆಯ ಮೇಲೆ, ಪುಸ್ತಕ ಅಚ್ಚಾದ ಮೇಲೆ ಹೇಳಿಕೊಟ್ಟರು. ಚಿತ್ರದ ಅಜ್ಜಿಗೆ ನೆರೆತ ಕೂದಲು, ಸುಕ್ಕು, ಕನ್ನಡಕ, ಜೊತೆಗೆ ಮದುಮಗಳಂತೆ ಘುಗ್ರಿ, ಭುಜದವರೆಗೂ ಬಿಳಿ ಬಳೆ. ಕೆಳಗೆ ನಾನೇ ಬರೆದ ಸಾಲು: ಸೂರಗೊಂಡನಕೊಪ್ಪದ ಬಳಿಯ ತಾಂಡಾದ ಅಜ್ಜಿಯೊಬ್ಬರು ಹೇಳಿದ ಕಥೆ. ಹೆಸರಿರಲಿಲ್ಲ. ಹೆಸರು ಬೇಕಿರಲೂ ಇಲ್ಲ. ನಾನು ಯಾರ ಕಟ್ಟೆಯ ಮೇಲೆ ಕೂತು ಹೋಗಿದ್ದೆ ಎನ್ನುವುದು ತಾಂಡಾಕ್ಕೆಲ್ಲ ಗೊತ್ತಿತ್ತು.

"ಎಷ್ಟು ಮಾಡೀರಿ ಇಂಥವು?" ಯಾಡಿ ಕೇಳಿದರು.

"ನಾಕು ತಾಲ್ಲೂಕಿನ ಶಾಲೆಗೆ ಹೋಗ್ತವೆ ಯಾಡಿ."

"ಎಲ್ಲದ್ರಾಗೂ ನಾನು ಹಿಂಗೇ ಕುಂತೀನಾ?"

ನಾನು ಹೌದೆಂದು ತಲೆಯಾಡಿಸಿದೆ.

"ನಾನೇ ಹೇಳಿ ಹಾಕಿಸ್ಕಂಡೀನಿ ಅಂತಾರೆ," ಎಂದರು. "ಮುದುಕಿಗೆ ಚಪಲ ಅಂತಾರೆ."

ಇದು ಸುಮ್ಮನೆ ಬೇಸರದ ಮಾತಲ್ಲ ಎಂದು ಸೊಸೆ ನನ್ನನ್ನು ಆಟೋ ತನಕ ಬಿಡಲು ಬಂದಾಗ ಹೇಳಿದರು. ಯಾಡಿಯ ಗಂಡನ ಅಣ್ಣನ ಮನೆ ಅದೇ ತಾಂಡಾದ ಇನ್ನೊಂದು ತುದಿಯಲ್ಲಿದೆ. ಆ ಮನೆಯ ಹಿರಿಯ ಓರಗಿತ್ತಿಗೂ ಯಾಡಿಗೂ ಮೊದಲಿಂದ ಸರಿಯಿಲ್ಲ. ಆದರೆ ಆ ಮನೆಯ ಮೊಮ್ಮಗನನ್ನು ಎತ್ತಿ ಬೆಳೆಸಿದವರು ಯಾಡಿಯೇ. ಹುಡುಗನ ತಾಯಿ ಹೆರಿಗೆಯ ನಂತರ ಹಾಸಿಗೆ ಹಿಡಿದಿದ್ದಾಗ ಎರಡು ವರ್ಷ ಅವನು ಇವರ ಮಡಿಲಲ್ಲೇ ಬೆಳೆದ. ಈಗ ಅವನ ಮದುವೆ, ಒಂದೂವರೆ ತಿಂಗಳಲ್ಲಿ.

"ಅಲ್ಲಿ ನೂರು ಹೆಂಗಸ್ರು ಸೇರಿರ್ತಾರೆ ಮೇಡಂ. ದೊಡ್ಡತ್ತೆ ಒಂದು ಮಾತು ಅಂದ್ರೆ ಸಾಕು. ಆ ಪುಟ ಹೋಗೋ ತನಕ ಮದುವಿಗೆ ಕಾಲಿಡಲ್ಲ ಅಂತ ಅತ್ತೆ ಆಗಲೇ ನನಗೆ ಹೇಳಿದ್ಲು. ನೀವು ನಗಾಕೆ ಹತ್ತಿದ್ರಿ, ಆವಾಗ."

ಲಂಬಾಣಿ ಮಾತಿನಲ್ಲಿ ಹೇಳಿದ್ದರಂತೆ. ನಾನು ಕೇಳಿಸಿಕೊಂಡಿರಲೂಬಹುದು, ತಿಳಿದಿರಲಿಲ್ಲ.

ಸಂಪಾದಕಿಗೆ ಅಂದೇ ಫೋನ್ ಮಾಡಿದೆ. ಮುದ್ರಣ ಮುಗಿದಿದೆ, ಪುಸ್ತಕ ಹೊರಟಾಗಿದೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದರು. ನಾನು ಬಿಡದಿದ್ದಾಗ ಅವರ ದನಿ ಬದಲಾಯಿತು. "ಒಂದು ಮಾತು ಕೇಳ್ತೀನಿ ಮೇಡಂ. ಗಂಡ ಸತ್ತವಳು ಆಭರಣ ಹಾಕ್ಬಾರದು ಅಂತ ನಾವು ಮಕ್ಕಳಿಗೆ ಕಲಿಸ್ಬೇಕಾ? ಈ ಚಿತ್ರ ಹೀಗಿರೋದೇ ಒಳ್ಳೇದಲ್ವಾ?"

ಇದೇ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇನ್ನೂ ಜೋರಾಗಿ. ನಮ್ಮಪ್ಪ ಹೋದಾಗ ಅವ್ವನ ಕೈಯ ಹಸಿರು ಬಳೆ ತೆಗೆಸಲು ಬಂದವರ ಜೊತೆ ಜಗಳವಾಡಿದ್ದೇನೆ. ಅವ್ವ ಜಗಳ ಮುಗಿಯುವ ಮೊದಲೇ ಒಳಗೆ ಹೋಗಿ ತಾವೇ ತೆಗೆದಿಟ್ಟು ಬಂದಿದ್ದರು. ಹಾಗಾಗಿ ಸಂಪಾದಕಿಗೆ ಏನು ಉತ್ತರ ಕೊಡುವುದು? ತೋಳು ಅವರದು, ನಿಮ್ಮದೂ ಅಲ್ಲ ನನ್ನದೂ ಅಲ್ಲ ಎಂದೆ. ಎಂದೆನೋ, ಅಥವಾ ಫೋನಿಟ್ಟ ಮೇಲೆ ಹೊಳೆದದ್ದನ್ನು ಈಗ ಅಲ್ಲಿಗೆ ಸೇರಿಸುತ್ತಿದ್ದೇನೋ. ಬಳೆ ಹಾಕಿಕೊಳ್ಳುತ್ತೇನೆ ಎಂದು ಯಾಡಿ ತಾವೇ ಹೇಳಿದ್ದರೆ ಸಂತೋಷ. ಹೇಳಿರಲಿಲ್ಲ. ಅವರನ್ನು ಕೇಳದೆ ನಾವು ಅವರನ್ನು ಸುಧಾರಿಸಿದ್ದೆವು, ಅದೂ ಬೇಕೆಂದಲ್ಲ, ತಿಳಿಯದೆ. ತಿಳಿಯದೆ ಮಾಡಿದ್ದಕ್ಕೆ ಆಮೇಲೆ ಸಿದ್ಧಾಂತದ ಹೊದಿಕೆ ಹೊದಿಸುವುದು ನನಗೆ ಹೇಸಿಗೆ ಹುಟ್ಟಿಸಿತು.

ಮನೆಯಲ್ಲಿ ಅವ್ವನ ಮುಂದೆ ಪುಸ್ತಕ ಇಟ್ಟು ಎಲ್ಲ ಹೇಳಿದೆ. ಅವರು ಚಿತ್ರ ನೋಡಿದ್ದೇ ತಡ, "ಅಯ್ಯ, ಗಂಡ ಸತ್ರೆ ಇವನ್ನ ತೆಗಿತಾರಲ್ಲೇ. ನಿನಗೆ ಗೊತ್ತಿಲ್ಲೇನು?" ಎಂದರು.

"ನಿನಗೆ ಹೆಂಗೆ ಗೊತ್ತು?"

"ನಮ್ಮ ಹಿತ್ತಲ ಬಾಗಿಲಿಗೆ ಒಬ್ಬಾಕಿ ಸೌದಿ ತರ್ತಿದ್ಲು. ಒಂದಿನ ತೋಳಾಗೆ ಬಳೆ ಇಲ್ದೆ ಬಂದ್ಲು. ಏನಾತೇ ಅಂದೆ. ಹೇಳಿ ಅತ್ಲು."

"ಒಳಗೆ ಕರದ್ಯಾ?"

"ಹಿತ್ತಲಾಗೇ ಕುಂದ್ರಿಸಿ ನೀರು ಕೊಟ್ಟೆ." ಪುಸ್ತಕ ಮುಚ್ಚಿಟ್ಟು, "ಆವಾಗ ಹಂಗೇ ಇತ್ತು," ಎಂದರು.

ಕರಡನ್ನು ಅವ್ವನಿಗೆ ತೋರಿಸಿದ್ದರೆ ಸಾಕಿತ್ತು. ಬೆಂಗಳೂರಿನವರು ಬೇಕಾಗಿರಲಿಲ್ಲ, ಪರಿಣತರು ಬೇಕಾಗಿರಲಿಲ್ಲ, ನಮ್ಮ ಅಡುಗೆಮನೆಯಲ್ಲೇ ಉತ್ತರವಿತ್ತು. ಅವ್ವನಿಗೇ ಹಸಿರು ಬಳೆ ತೊಡಿಸಿ ಕುಂಕುಮ ಇಟ್ಟು ಚಿತ್ರ ಬರೆದಿದ್ದರೆ ಕರಡಿನ ಎಷ್ಟು ಸಣ್ಣ ಚಿತ್ರದಲ್ಲಾದರೂ ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಬಸ್ಸಿನಲ್ಲಿ ಎರಡು ಗಂಟೆಯ ದೂರದ ಇನ್ನೊಬ್ಬ ಹೆಂಗಸಿನ ತೋಳು ಕಾಣಲಿಲ್ಲ. ಇಂಥ ನಾನು ನಮ್ಮ ಸುತ್ತಲ ಜನರನ್ನು ಮಕ್ಕಳಿಗೆ ಪರಿಚಯ ಮಾಡಿಕೊಡಲು ಹೊರಟಿದ್ದೆ.

ಕೊನೆಗೆ ಸಂಪಾದಕಿ, ಬಳೆ ಘುಗ್ರಿ ಇಲ್ಲದ ಹೊಸ ಚಿತ್ರವೊಂದನ್ನು ಕಳಿಸಿದರು. ಮಾಡುವುದಾದರೆ ನೀವೇ ಮಾಡಿಕೊಳ್ಳಿ ಎಂಬ ಅರ್ಥದಲ್ಲಿ. ನಾನು ಅದನ್ನು ಚನ್ನಗಿರಿಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಅಂಗಡಿಗೆ ಒಯ್ದು, ಪುಟದಳತೆಗೆ ಸ್ಟಿಕ್ಕರ್ ಮಾಡಿಸಿದೆ. ಹಳೆಯ ಅಜ್ಜಿಯ ಮೇಲೆ ಹೊಸ ಅಜ್ಜಿಯನ್ನು ಅಂಟಿಸುವುದು, ಇದು ನನ್ನ ಯೋಜನೆ. ಅಂಗಡಿಯವರು, "ಪುಸ್ತಕಕ್ಕೂ ಲೇಬಲ್ ಹಚ್ಚಾಕೆ ಶುರು ಮಾಡಿದ್ರಾ ಮೇಡಂ? ಇನ್ನ ಮಕ್ಕಳಿಗೆ ಹಚ್ಚೋದೊಂದೇ ಬಾಕಿ," ಎಂದರು.

ಆಮೇಲೆ ಮೂರು ವಾರ ತರಗತಿ ಇಲ್ಲದ ದಿನಗಳಲ್ಲೆಲ್ಲ ಚೀಲದಲ್ಲಿ ಸ್ಟಿಕ್ಕರ್ ತುಂಬಿಕೊಂಡು ತಿರುಗಿದೆ. ಎಷ್ಟು ಶಾಲೆ ನೋಡಿದೆ ಎಂದು ಲೆಕ್ಕ ಇಟ್ಟಿಲ್ಲ. ಎಲ್ಲ ಶಾಲೆಗಳೂ ಈಗ ನೆನಪಿನಲ್ಲಿ ಒಂದೇ ಶಾಲೆಯಾಗಿವೆ: ಹಸಿರು ಕಿಟಕಿ, ಬೀಗ ಹಾಕಿದ ಕಬ್ಬಿಣದ ಬೀರು. ನಮ್ಮ ಚನ್ನಗಿರಿಯಲ್ಲೇ ಒಂದು ಶಾಲೆಯಲ್ಲಿ ಬೀರಿನ ಕೀಲಿ ತರಬೇತಿಗೆ ಹೋದ ಟೀಚರ ಹತ್ತಿರ ಇತ್ತು. ಮತ್ತೆ ಹೋದಾಗ ಟೀಚರಿದ್ದರು, ಕೀಲಿ ಮನೆಯಲ್ಲಿತ್ತು. ಪುಸ್ತಕಗಳನ್ನು ಮಕ್ಕಳಿಗೆ ಕೊಟ್ಟಿಲ್ಲವೇ ಎಂದರೆ, "ಕೊಟ್ರೆ ಹರೀತವೆ ಮೇಡಂ. ಯಾರಾದ್ರೂ ನೋಡಾಕೆ ಬಂದ್ರೆ ತೋರಿಸಾಕೆ ಬೇಕಲ್ಲ," ಎಂದರು. ನನಗೆ ಸಿಟ್ಟು ಬಂತು, ಒಳಗೊಳಗೇ ಸಮಾಧಾನವೂ ಆಯಿತು. ಬೀಗದೊಳಗೆ ಇದ್ದಷ್ಟು ದಿನ ಯಾಡಿಗೆ ತೊಂದರೆ ಇಲ್ಲ. ಮಕ್ಕಳ ಪುಸ್ತಕ ಬರೆದವಳು ಮಕ್ಕಳು ಅದನ್ನು ನೋಡದಿರಲಿ ಎಂದು ಬಯಸುತ್ತಿದ್ದೆ.

ಸಾಸ್ವೆಹಳ್ಳಿ ಕಡೆಯ ಒಂದು ಶಾಲೆಯ ಮುಖ್ಯಶಿಕ್ಷಕರು ಚಹಾ ತರಿಸಿದರು, ಎಲ್ಲ ಕೇಳಿಸಿಕೊಂಡರು, ಆಮೇಲೆ ಆಗುವುದಿಲ್ಲ ಎಂದರು.

"ರಿಜಿಸ್ಟರಿಗೆ ಹತ್ತಿಸೀವಿ. ಮೇಲಿಂದ ಆರ್ಡರ್ ಇಲ್ದೆ ಒಂದು ಗೆರಿ ಹಾಕಾಂಗಿಲ್ಲ ನಾನು."

"ಸಾರ್, ಇದನ್ನ ಬರೆದೋಳೇ ನಾನು."

"ಬರೆದ್ರೆ ಏನಾತ್ರೀ. ಕಟ್ಟಡ ಕಟ್ಟಿದ ಮೇಸ್ತ್ರಿ ಬಂದು ಇವತ್ತು ಗ್ವಾಡಿ ಒಡೀತೀನಿ ಅಂದ್ರೆ ಬಿಡ್ತೀನೇನು?"

ನಾನು ಲೋಟ ಖಾಲಿ ಮಾಡಿ ಚೀಲ ಎತ್ತಿಕೊಂಡೆ. ಚಹಾ ಚೆನ್ನಾಗಿತ್ತು.

ಜಗಳೂರು ದೂರ. ದಾವಣಗೆರೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ಅಲ್ಲಿನ ಒಂದು ಶಾಲೆಯಲ್ಲಿ ಮಾತ್ರ ಪುಸ್ತಕಗಳು ಪುಸ್ತಕಗಳಂತೆ ಇದ್ದವು: ಮೂಲೆ ಮಡಚಿ, ಬೆನ್ನು ಬಿಟ್ಟು, ಎಣ್ಣೆಯ ಕಲೆ ಹತ್ತಿ, ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಿದ್ದರು. ಜಗಳೂರಿನ ಪುಸ್ತಕ ಕಂಬಳಿ ನೇಯುವವರ ಮನೆಯದು, ಅದರ ಪುಟಗಳೆಲ್ಲ ಬಿಡಿಬಿಡಿಯಾಗಿದ್ದವು. ನ್ಯಾಮತಿಯ ಪುಸ್ತಕದ ಒಂಬತ್ತನೆಯ ಪುಟ ಇರಲೇ ಇಲ್ಲ. ಅದನ್ನು ಕತ್ತರಿಸಿ, ನಮ್ಮ ಸಂಸ್ಕೃತಿ ಎಂಬ ಚಾರ್ಟಿಗೆ ಅಂಟಿಸಿ ಗೋಡೆಯ ಮೇಲೆ ಹಾಕಿದ್ದರು. ಬಾಗಿಲಿಂದ ಒಳಗೆ ಬಂದರೆ ಎದುರಿಗೆ ಅವಳೇ, ಘುಗ್ರಿ, ಬಳೆ ಸಮೇತ.

ಅಲ್ಲಿನ ಮೇಷ್ಟ್ರು ಇನ್ನೂ ಚಿಕ್ಕ ವಯಸ್ಸಿನವರು. ನಾನು ಬಂದ ಕಾರಣ ಹೇಳುತ್ತಿದ್ದಂತೆ ತಲೆ ತಗ್ಗಿಸಿದರು.

"ಗೊತ್ತು ಮೇಡಂ. ನಾನೂ ಲಂಬಾಣಿಯವನೇ. ನಮ್ಮ ಯಾಡಿನೂ ಬಳೆ ತೆಗೆದಾಳೆ."

"ಗೊತ್ತಿದ್ದೂ ಚಾರ್ಟಿಗೆ ಹಚ್ಚಿದಿರಾ?"

"ಅಚ್ಚಾಗಿ ಬಂದೈತೆ. ಓದಿದೋರು ಬರೆದಾರೆ, ಯಾವ್ದೋ ಕಡಿ ಹಿಂಗೂ ಇರ್ತೈತೇನೋ ಅನ್ಕಂಡೆ." ಚಾರ್ಟಿನ ಕಡೆ ನೋಡಿ, "ಮತ್ತೆ ನಮ್ಮವರ ಚಿತ್ರ ಪುಸ್ತಕದಾಗೆ ಬಂದಿದ್ದೇ ಮದ್ಲನೇ ಸಲ. ಮಕ್ಕಳು ಖುಷಿ ಪಟ್ರು. ತಪ್ಪೈತೆ ಅಂತ ಹೆಂಗೆ ಹೇಳ್ಲಿ?"

ಅವರೇ ಸ್ಟೂಲು ಹತ್ತಿ ಸ್ಟಿಕ್ಕರ್ ಅಂಟಿಸಿದರು, ಅಂಗೈಯಿಂದ ತೀಡಿ ಗಾಳಿ ಗುಳ್ಳೆ ಬಿಡಿಸಿದರು. ನಾನು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಯಾರ ಮೇಲೆ ಸಿಟ್ಟು ಮಾಡುವುದು ಎಂದು ಹುಡುಕಿದೆ. ಚಿತ್ರ ಬರೆದವರ ಮೇಲೆ, ಸಂಪಾದಕಿಯ ಮೇಲೆ, ಬೀರಿನ ಮೇಲೆ ಸಿಟ್ಟು ಮಾಡಿಯಾಗಿತ್ತು. ತನ್ನ ತಾಯಿಯ ಬರಿದಾದ ತೋಳನ್ನು ನೋಡಿದ ಮನುಷ್ಯ ನನ್ನ ಅಚ್ಚಿನ ಅಕ್ಷರ ಕಂಡು ತನ್ನ ಕಣ್ಣನ್ನೇ ಅನುಮಾನಿಸಿದ್ದ. ಅದಕ್ಕೆ ಯಾರನ್ನು ಬೈಯುವುದು.

ಯಾಡಿಯ ಮೊಮ್ಮಗಳು ಓದುವ ಶಾಲೆಗೆ ಎಲ್ಲಕ್ಕಿಂತ ಮೊದಲೇ ಹೋಗಿ ಸ್ಟಿಕ್ಕರ್ ಹಾಕಿ ಬಂದಿದ್ದೆ. ಮದುವೆಗೆ ಇನ್ನೂ ಹತ್ತು ದಿನ ಇರುವಾಗ, ಕೆಲಸ ಬಹುಪಾಲು ಆಗಿದೆ ಎಂದು ಹೇಳಲು ತಾಂಡಾಕ್ಕೆ ಹೋದೆ. ಸೊಸೆ ನನ್ನನ್ನು ಕಂಡು ಹಣೆ ಚಚ್ಚಿಕೊಂಡರು.

"ಆ ಚೀಟಿನ ಹುಡುಗರೆಲ್ಲ ಉಗುರು ಹಾಕಿ ಕೀಳ್ತಾವೆ ಮೇಡಂ. ಕೆಳಗೆ ಏನೈತೆ ಅಂತ ನೋಡಾಕೆ. ನಮ್ಮ ಹುಡುಗಿ ಅಳಕೋತ ಬಂತು."

ಮಕ್ಕಳು ಎಂದ ಮೇಲೆ ಕೀಳದೆ ಇರುತ್ತಾರೆಯೇ. ನಾನು ಮಕ್ಕಳಿಗಾಗಿ ನಾಲ್ಕು ಪುಸ್ತಕ ಬರೆದವಳು, ಅಷ್ಟು ಹೊಳೆಯಲಿಲ್ಲ. ಯಾರೂ ಎರಡನೆಯ ಸಲ ನೋಡದೆ ತಿರುವುತ್ತಿದ್ದ ಪುಟ ಈಗ ಇಡೀ ಶಾಲೆಯಲ್ಲಿ ಎಲ್ಲರೂ ನೋಡಬೇಕೆನ್ನುವ ಪುಟವಾಗಿತ್ತು. ಕೆಳಗಿನ ಅಜ್ಜಿಗೆ ಏನಾಯಿತು, ಮೇಲಿನ ಅಜ್ಜಿಗೆ ಬಳೆ ಯಾಕಿಲ್ಲ ಎಂದು ಮಕ್ಕಳು ಮನೆಗಳಲ್ಲಿ ಕೇಳಿದ್ದರು. ಮನೆಗಳಲ್ಲಿ ಉತ್ತರವೂ ಸಿಕ್ಕಿತ್ತು.

ಯಾಡಿ ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಹೊಲಿಗೆ ಇರಲಿಲ್ಲ. ನಾನು ಶಾಲೆಗಳು, ಕೀಲಿ, ರಿಜಿಸ್ಟರು, ಜಗಳೂರು ಎಂದು ಏನೇನೋ ಹೇಳಿದೆ. ಅವರು ಮುಗಿಯುವ ತನಕ ಕಾದರು.

"ಪೇಪರ್ ಮ್ಯಾಲೆ ಪೇಪರ್ ಹಚ್ಚಾಕೆ ಇಷ್ಟು ದಿನ ತಿರುಗಿದ್ಯಾ ಮಗಳೆ?"

"ಮತ್ತೇನ್ ಮಾಡ್ಲಿ ಯಾಡಿ."

"ನಿನಗೆ ಬಾಯಿ ಇಲ್ಲೇನು? ಆ ತುದಿಗೆ ನಮ್ಮ ಅಕ್ಕನ ಮನಿ ಐತೆ. ಹೋಗಿ ಹೇಳು. ಇವಳು ಹೇಳಿಲ್ಲ, ನಾನು ತಿಳೀದೆ ಬರೆದೀನಿ ಅಂತ ಹೇಳು. ಅಷ್ಟೇ."

ತಿಂಗಳ ಹಿಂದೆ ಪುಸ್ತಕ ತಂದ ದಿನವೇ, ಅದೇ ಕಟ್ಟೆಯಿಂದ ಇಳಿದು ಐದು ನಿಮಿಷ ನಡೆದಿದ್ದರೆ ಮುಗಿಯುತ್ತಿತ್ತು. ನನಗೆ ತಪ್ಪು ಪುಸ್ತಕದಲ್ಲಿದೆ ಎಂದೇ ತೋರಿತ್ತು. ಪುಸ್ತಕ ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೆ. ಬರೆಯುವವರಿಗೆ ಬೇರೆ ಏನು ಹೊಳೆಯುತ್ತದೆ.

ಹೋದೆ. ಒಬ್ಬಳೇ ಹೋದೆ. ಹಿರಿಯ ಓರಗಿತ್ತಿ ಅಂಗಳದಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಕೂದಲಿನ ಎರಡೂ ಬದಿಗೆ ಘುಗ್ರಿ, ಮೊಳಕೈ ಮೇಲೆ ಹಳದಿಗೆ ತಿರುಗಿದ ಬಿಳಿ ಬಳೆಗಳು. ಗಂಡ ಅಲ್ಲೇ ನೆರಳಲ್ಲಿ ಮಲಗಿದ್ದರು. ನಾನು ನಿಂತೇ ಹೇಳಿದೆ: ಪುಸ್ತಕ ನನ್ನದು, ಚಿತ್ರ ನೋಡದೆ ಒಪ್ಪಿದವಳು ನಾನು, ನಿಮ್ಮ ತಂಗಿ ಹೇಳಿಲ್ಲ, ಅವರಿಗೆ ಇದು ಗೊತ್ತೇ ಇರಲಿಲ್ಲ.

ಅವರು ಅಕ್ಕಿಯಿಂದ ಕಣ್ಣು ತೆಗೆಯಲಿಲ್ಲ. "ಪುಸ್ತಕ ಬರೆಯೋರು ಹಿಂಗೆ ಮನಿ ಮನಿಗೆ ಬಂದು ಹೇಳ್ತಾರಾ?"

"ತಪ್ಪು ಮಾಡಿದ್ರೆ ಹೇಳ್ಬೇಕಲ್ಲ."

"ಹೂಂ." ಒಂದು ಕಲ್ಲು ಆರಿಸಿ ಎಸೆದರು. "ಅವಳೇ ಕಳಿಸಿದ್ಲಾ ನಿಮ್ಮನ್ನ?"

ನಾನು ಹೌದು ಎಂದೆ.

ಅವರು ತಲೆಯೆತ್ತಿ ನೋಡಿದರು. ನಕ್ಕರೆ? ತುಟಿ ಸ್ವಲ್ಪ ಅಲುಗಿತು, ಅದನ್ನು ನಗು ಎಂದು ಬರೆದರೆ ಕಥೆಗೆ ಅನುಕೂಲ, ಹಾಗೆ ಬರೆಯಲಾರೆ. "ಚಾ ಕುಡೀರಿ," ಎಂದರು. ಒಳಗಿದ್ದ ಯಾರಿಗೋ ಲಂಬಾಣಿಯಲ್ಲಿ ಒಂದು ಮಾತು ಹೇಳಿದರು. ಚಹಾ ಇಡಲು ಹೇಳಿದ್ದೇ ಇರಬೇಕು, ಆದರೆ ಚಹಾ ಇಡು ಎನ್ನುವುದಕ್ಕೆ ಆ ಮಾತು ಉದ್ದವಾಗಿತ್ತು. ನಾನು ಚಹಾ ಕುಡಿದೆ. ಮದುವೆಗೆ ಬನ್ನಿ ಎಂದು ಕರೆದರು.

ವಾಪಸ್ಸು ಬಂದು ಯಾಡಿಗೆ ಎಲ್ಲ ಹೇಳಿದೆ, ಹೌದು ಎಂದದ್ದನ್ನೂ ಹೇಳಿದೆ. ಅವರು "ಹಂಗ್ಯಾಕೆ ಅಂದೆ," ಎಂದರು. ಬೈದಂತೆ ಇರಲಿಲ್ಲ. ನಾನಾಗಿಯೇ ಬಂದೆ ಎಂದಿದ್ದರೆ ಅದು ಕ್ಷಮೆಯಾಗುತ್ತಿತ್ತು, ಇವರು ಕಳಿಸಿದರು ಎಂದ ಮೇಲೆ ಇವರು ಹೆದರಿ ಆಳು ಕಳಿಸಿದಂತಾಯಿತು. ಇದು ನನಗೆ ಹೊನ್ನಾಳಿಯಲ್ಲಿ ಬಸ್ಸಿಗೆ ಕಾಯುತ್ತಿರುವಾಗ ತಿಳಿಯಿತು. ನಿಜ ಹೇಳಿದ್ದೆ. ಅಷ್ಟು ದಿನ ಸುಳ್ಳಿನ ಪುಟ ತಿದ್ದುತ್ತ ತಿರುಗಿದವಳು, ಒಂದು ಸಣ್ಣ ಸುಳ್ಳು ಬೇಕಾದ ಜಾಗದಲ್ಲಿ ನಿಜ ಹೇಳಿ ಬಂದಿದ್ದೆ.

ಮದುವೆಯ ದಿನ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಇರದಿದ್ದರೂ ನಾನು ಹೋಗುತ್ತಿದ್ದೆನೇ ಎನ್ನುವುದು ಬೇರೆ ಮಾತು. ಸೊಸೆಯ ಫೋನ್ ನಂಬರು ನನ್ನಲ್ಲಿದೆ, ನನ್ನದು ಅವರಲ್ಲಿದೆ. ಅವರು ಮಾಡಲಿಲ್ಲ, ನಾನೂ ಮಾಡಲಿಲ್ಲ. ಈಗ ಎರಡು ವರ್ಷದ ಮೇಲಾಯಿತು. ತಾವು ಎತ್ತಿ ಬೆಳೆಸಿದ ಆ ಹುಡುಗನ ಮದುವೆಗೆ ಯಾಡಿ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ.